ಮಾವನ ಹಳೇ ಎಕ್ಸ್‌ಪಿ, ಹೊಸ ಲ್ಯಾಪ್‌ಟಾಪು

ಸಾಗರದಲ್ಲಿ ನಮ್ಮ ಮಾವನದ್ದೊಂದು ಡಿಟಿಪಿ ಅಂಗಡಿ ಇತ್ತು. ಅಂಗಡಿ ಮುಚ್ಚಿದರೂ ಆಮಂತ್ರಣ ಪತ್ರಿಕೆ ಮಾಡುವ ಚಟ ಹೋಗಿಲ್ಲ. ನೆಂಟರಲ್ಲಿ ಯಾರ ಮದುವೆ, ಉಪನಯನ ಇದ್ದರೂ ಪುಟ ವಿನ್ಯಾಸದ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ತೆಗೆದು ಕೂತುಬಿಡುತ್ತಾರೆ. ಪೇಜ್‌ಮೇಕರಿನ ಕೊನೇ ಆವೃತ್ತಿ 7.0 ಬಂದದ್ದು 2001ರಲ್ಲಿ. ವಿಂಡೋಸ್ ಎಕ್ಸ್‌ಪಿ ಕೂಡ ಅದೇ ವರ್ಷದ್ದು. ಡೆಸ್ಕ್‌ಟಾಪ್ ಸತ್ತಾಗ ಆ ಎಕ್ಸ್‌ಪಿಯನ್ನು ಪೇಜ್‌ಮೇಕರ್, ಕನ್ನಡ ಟೈಪಿಂಗಿನ ನುಡಿ, ಬಗೆಬಗೆಯ ಗಣಪತಿ ಚಿತ್ರಗಳ ಸಮೇತ ವರ್ಚುವಲ್ ಬಾಕ್ಸ್ ಅನ್ನುವ ಸಾಫ್ಟ್‌ವೇರಿನಲ್ಲಿ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಓಡುವ ಕಂಪ್ಯೂಟರ್) ಮಾಡಿ ಇನ್ನೊಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸಿದ್ದೆ. ಈಗ ಅದಕ್ಕೂ ವಯಸ್ಸಾಗಿ ಹೊಸ ಲ್ಯಾಪ್‌ಟಾಪ್ ಬಂದಿದೆ.

ಎಲ್ಲವನ್ನೂ ಯುನಿಕೋಡ್ (ಈಗಿನ ಕಂಪ್ಯೂಟರ್, ಫೋನುಗಳು ಬಳಸುವ ಅಕ್ಷರ ಸಂಕೇತ) ಮಾಡಿ ಬಿಸಾಕಬಾರದಾ ಅಂತ ಕೇಳಬೇಡಿ. ಹಳೇ ನುಡಿ ಫಾಂಟಿನಲ್ಲಿ ಕನ್ನಡ ಕಾಣುವುದು ಮೇಲೆ ಮಾತ್ರ, ಒಳಗೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ವಧುವಿನ ಅಜ್ಜನ ಹೆಸರಲ್ಲಿ ಹಾಗಾದರೆ ಮುಗೀತು.

"ಆ ಮಷೀನಿನ ಫೋಲ್ಡರ್ ಪೂರ್ತಿ ಪೆನ್‌ಡ್ರೈವಿಗೆ ಹಾಕಿ ಮಾವ" ಅಂತ ಬೆಂಗಳೂರಿಂದ ಫೋನಿನಲ್ಲಿ ಹೇಳಿದೆ. ಅತ್ತೆಯ ಭಜನೆಗಳಿದ್ದ ಪೆನ್‌ಡ್ರೈವ್ ಸಿಕ್ಕಿತು. 32 ಜಿಬಿ. ಮಷೀನಿನ ಫೈಲು 18 ಜಿಬಿ. ಆದರೂ ಜಾಗ ಸಾಲದು ಅನ್ನುವ ಹಾಗೆ ಏನೋ ಬಂತು.

"ಎಂತ ಮಾರಾಯ, ಲೆಕ್ಕ ಬರಲ್ವಾ ಇದಕ್ಕೆ?"

ಪೆನ್‌ಡ್ರೈವ್ ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ಮಾದರಿಯಲ್ಲಿ ಒಂದೇ ಫೈಲು 4 ಜಿಬಿ ದಾಟುವ ಹಾಗಿಲ್ಲ ಅಂತ ವಿವರಿಸಿ, ಭಜನೆಗಳನ್ನು ಬೇರೆ ಕಡೆ ಇಟ್ಟು, ಆ ಮಿತಿಯಿಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಸಿದೆ. ಫೈಲು ಹೋಯಿತು. ಆಮೇಲೆ ಭಜನೆ ವಾಪಸ್ ಹಾಕಿದರೂ ಕಾರಿನ ಸ್ಟೀರಿಯೋಗೆ ಎಕ್ಸ್‌ಫ್ಯಾಟ್ ಅಂದರೆ ಏನಂತಲೇ ಗೊತ್ತಿಲ್ಲ. ಅತ್ತೆ ನನ್ನ ಹತ್ತಿರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಹಬ್ಬಕ್ಕೆ ಊರಿಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಮಷೀನ್ ಎಬ್ಬಿಸಿದೆ. ಎದ್ದಿತು! ಅದೇ ಹಸಿರು ಗುಡ್ಡ, ನೀಲಿ ಆಕಾಶ. (ಅದು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ತೆಗೆದ ನಿಜವಾದ ಫೋಟೋ. ಮಾವನ ಪ್ರಕಾರ ಬಾಬಾಬುಡನ್‌ಗಿರಿ. ವಾದ ಮಾಡಿ ಪ್ರಯೋಜನವಿಲ್ಲ.) ಮಾವ ಖುಷಿಯಿಂದ ಪತ್ರಿಕೆಗಳ ಫೋಲ್ಡರ್ ತೆಗೆದರು. ಮುಖ ಸಣ್ಣಗಾಯಿತು.

"ಇದರಲ್ಲಿ ನಮ್ಮ ಮಗಳ ಮದುವೆನೇ ಆಗಿಲ್ವಲ್ಲೋ!"

ನೋಡಿದರೆ ಹೌದು. ಮಗಳ ಪತ್ರಿಕೆ ಇಲ್ಲ, ಮೊಮ್ಮಗನ ನಾಮಕರಣ ಇಲ್ಲ. ಅಡುಗೆಮನೆಯಿಂದ ಅತ್ತೆ, "ಹಂಗಾದ್ರೆ ಛತ್ರದ ದುಡ್ಡು ವಾಪಸ್ ಬರತ್ತಾ ಕೇಳಿ" ಅಂದರು. ಮಾತು ಶುರುವಾಯಿತಲ್ಲ, ಅಷ್ಟೇ ಲಾಭ.

ವಿಷಯ ಇಷ್ಟು. ಮೊದಲ ಸಲ ಮಷೀನ್ ಕೂರಿಸಿದಾಗ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದೆ. ಅಲ್ಲಿಂದಾಚೆ ಆದ ಬದಲಾವಣೆಗಳೆಲ್ಲ ಪಕ್ಕದ ಇನ್ನೊಂದು ಫೋಲ್ಡರಿನ ಫೈಲಿಗೆ ಸೇರುತ್ತಾ ಹೋಗುತ್ತವೆ, ದೊಡ್ಡ ಫೈಲು ಅಂದಿನ ಸ್ಥಿತಿಯಲ್ಲೇ ಉಳಿಯುತ್ತದೆ. ಮಾವ ಆ ದೊಡ್ಡದನ್ನು ಮಾತ್ರ ತಂದಿದ್ದರು. ಉಳಿದದ್ದು? "ಎಂತೆಂತದೋ ಬ್ರಾಕೆಟ್ಟು, ಉದ್ದುದ್ದ ನಂಬರು. ಕಸ ಅಂದ್ಕೊಂಡೆ ಮಾರಾಯ."

ಪುಣ್ಯಕ್ಕೆ ಹಳೇ ಕಂಪ್ಯೂಟರನ್ನು ಇನ್ನೂ ಗುಜರಿಗೆ ಹಾಕಿರಲಿಲ್ಲ. ಈ ಸಲ ನಾನೇ ಕೂತು ಎಕ್ಸ್‌ಪೋರ್ಟ್ ಕೊಟ್ಟು ಇಡೀ ಮಷೀನನ್ನು ಒಂದೇ ಓವಿಎ ಫೈಲು ಮಾಡಿದೆ. ಊಟ ಮುಗಿಸಿ ನಿದ್ದೆ ಮಾಡಿ ಎದ್ದರೂ ಓಡುತ್ತಲೇ ಇತ್ತು. ಸಂಜೆಗೆ ಮಗಳ ಮದುವೆ ಆಯಿತು, ಮೊಮ್ಮಗನಿಗೆ ಹೆಸರೂ ಬಂತು. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿರುವುದರಿಂದ ಒಳಗೆ ಇಂಟರ್ನೆಟ್ ಮಾತ್ರ ಕತ್ತರಿಸಿಟ್ಟೆ.

ಉಳಿದದ್ದು ಒಂದು ಆಮೆ. ವರ್ಚುವಲ್ ಬಾಕ್ಸಿನ ಕಿಟಕಿಯ ಕೆಳಗೆ ಪುಟ್ಟ ಹಸಿರು ಆಮೆ ಬಂದು ಕೂತಿತ್ತು. ಹೊಸ ವಿಂಡೋಸ್ ತನ್ನದೇ ಹೈಪರ್‌ವೈಸರ್ (ವರ್ಚುವಲ್ ಮಷೀನ್ ನಡೆಸುವ ವ್ಯವಸ್ಥೆ) ಓಡಿಸುತ್ತಿದ್ದರೆ ಒಳಗಿನ ಮಷೀನ್ ನಿಧಾನವಾಗುತ್ತದೆ ಅನ್ನುವುದಕ್ಕೆ ಅದು ಗುರುತು. ತೆಗೆಯಬಹುದು, ಆದರೆ ಲ್ಯಾಪ್‌ಟಾಪಿನ ಭದ್ರತೆಯ ಒಂದೆರಡು ಸೆಟ್ಟಿಂಗ್ ಆಫ್ ಮಾಡಬೇಕು, ರಕ್ಷಣೆ ಸ್ವಲ್ಪ ಕಮ್ಮಿಯಾಗುತ್ತದೆ, ಏನು ಮಾಡಲಿ ಅಂತ ಕೇಳಿದೆ.

ಮಾವ ಕನ್ನಡಕ ಏರಿಸಿ ಆಮೆಯನ್ನು ಚೆನ್ನಾಗಿ ನೋಡಿದರು.

"ಕೂರ್ಮಾವತಾರ, ಅದ್ಯಾಕೆ ಓಡಿಸ್ತೆ? ಇರಲಿ ಬಿಡು. ಮುಂದಿನ ಮದುವೆ ಇರೋದೇ ಮಾಘದಲ್ಲಿ."