ಹದಿನೇಳನೇ ಅಧ್ಯಾಯದ ಅವರೆಕಾಯಿ

ಡಿಸೆಂಬರ್ ಬರೆಯುವವರಿಗೆ ಹೇಳಿ ಮಾಡಿಸಿದ ತಿಂಗಳು ಅನ್ನುವವರು ಚಿಕ್ಕಬಳ್ಳಾಪುರದಲ್ಲಿ ಒಂದು ಡಿಸೆಂಬರನ್ನೂ ಕಳೆದವರಲ್ಲ. ಚಳಿ ಇರುತ್ತದೆ, ನಿಜ. ಬೆಳಗ್ಗೆ ಎಂಟಾದರೂ ಎದುರು ಮನೆ ಕಾಣದಷ್ಟು ಮಂಜು. ಧನುರ್ಮಾಸ ಹುಟ್ಟಿದ ಮೇಲೆ ಮದುವೆ, ಗೃಹಪ್ರವೇಶಗಳ ಕಾಟವೂ ತಪ್ಪಿತು. ಕಾದಂಬರಿ ಬರೆಯುವವಳಿಗೆ ಇನ್ನೇನು ಬೇಕು ಅನ್ನಿಸಬೇಕು. ಆದರೆ ಊರ ಪಕ್ಕದಲ್ಲಿ 1,478 ಮೀಟರ್ ಎತ್ತರದ ನಂದಿ ಬೆಟ್ಟವಿದೆ, ಬೆಟ್ಟದಿಂದ ಸುಮಾರು 60 ಕಿಲೋಮೀಟರಿಗೆ ಬೆಂಗಳೂರಿದೆ, ಬೆಂಗಳೂರಿನಲ್ಲಿ ನಮ್ಮ ನೆಂಟರಿದ್ದಾರೆ, ನೆಂಟರ ಮಕ್ಕಳಿಗೆ ಕ್ರಿಸ್‌ಮಸ್ ರಜೆ ಇದೆ. ಇಷ್ಟು ಕೂಡಿ ಬಂದರೆ ಯಾವ ಕಾದಂಬರಿಯಾದರೂ ನಿಲ್ಲುತ್ತದೆ.

ಮಿಕ್ಕ ತಿಂಗಳಲ್ಲಿ ನಾವು ಬದುಕಿದ್ದೇವೋ ಇಲ್ಲವೋ ಎಂದು ಕೇಳದವರು ಡಿಸೆಂಬರ್ ಇಪ್ಪತ್ತರ ಹೊತ್ತಿಗೆ ಫೋನ್ ಮಾಡುತ್ತಾರೆ. "ಅಕ್ಕಾ, ನಿಮ್ಮನ್ನ ನೋಡಿ ಎಷ್ಟು ದಿನ ಆಯ್ತು!" ನನ್ನನ್ನು ನೋಡುವ ಆಸೆ ಅವರಿಗೆ ಯಾವಾಗಲೂ ನಸುಕಿನ ನಾಲ್ಕಕ್ಕೆ ಹೊರಟು ಸೂರ್ಯೋದಯಕ್ಕೆ ಬೆಟ್ಟದ ಮೇಲಿರುವ ಆಸೆಯ ಜೊತೆಗೇ ಹುಟ್ಟುತ್ತದೆ. ಮೊದಲೆಲ್ಲ ಬೆಟ್ಟ ಇಳಿದು ಬಂದು, ತಿಂಡಿ ತಿಂದು, ಮೊಬೈಲ್ ಚಾರ್ಜ್ ಮಾಡಿಕೊಂಡು ಹೊರಟುಬಿಡುತ್ತಿದ್ದರು. 2023ರ ಜನವರಿಯಲ್ಲಿ ಊರಾಚೆ 112 ಅಡಿಯ ಆದಿಯೋಗಿ ಬಂದು ಕೂತ ಮೇಲೆ ಭೇಟಿ ರಾತ್ರಿಯ ಊಟದವರೆಗೂ ಬೆಳೆದಿದೆ. ಬೆಳಗ್ಗೆ ಬೆಟ್ಟ, ಸಂಜೆ ಆದಿಯೋಗಿ, ನಡುವೆ ನಮ್ಮ ಮನೆ.

ಡಿಸೆಂಬರ್ 31ರ ಕಥೆಯೇ ಬೇರೆ. ಅವತ್ತು ಸಂಜೆಯಿಂದ ಮರುದಿನ ಬೆಳಗಿನವರೆಗೆ ಬೆಟ್ಟಕ್ಕೆ ಯಾರೂ ಹೋಗುವಂತಿಲ್ಲ ಎಂದು ಜಿಲ್ಲಾಡಳಿತ ಈಚಿನ ವರ್ಷಗಳಲ್ಲಿ ಆದೇಶ ಹೊರಡಿಸುತ್ತಲೇ ಬಂದಿದೆ. ಪತ್ರಿಕೆಯಲ್ಲಿ ಬರುತ್ತದೆ, ಟೀವಿಯಲ್ಲಿ ಬರುತ್ತದೆ. ನಮ್ಮ ನೆಂಟರು ಮಾತ್ರ ಅದನ್ನು ಬ್ಯಾರಿಕೇಡ್ ಹತ್ತಿರ ಕಾರು ನಿಲ್ಲಿಸಿ ಪೊಲೀಸರ ಬಾಯಿಂದಲೇ ಕೇಳಬೇಕು. ಕೇಳಿದ ಮೇಲೆ ಕಾರು ತಿರುಗುವುದು ಬೆಂಗಳೂರಿನ ಕಡೆಗಲ್ಲ. ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಗೆ ಬಂದಿದ್ದರು. ಅವರಿಗೆ ವಿಶ್ರಾಂತಿ ಸಿಕ್ಕಿರಬೇಕು. ಅವರು ಬೆಟ್ಟದ ಮೇಲಿದ್ದರು, ನಾವು ಕೆಳಗಿದ್ದೇವೆ.

ಈ ಸಲ ಡಿಸೆಂಬರ್ 30ಕ್ಕೇ ವೈಕುಂಠ ಏಕಾದಶಿ ಬಿತ್ತು. ಉಪವಾಸ ಎಂದರೆ ಅಡುಗೆ ಕೆಲಸ ಕಡಿಮೆ ಎಂದು ಗಂಡಸರು ತಿಳಿದಿದ್ದಾರೆ. ಉಪವಾಸದವರಿಗೆ ಅವಲಕ್ಕಿ, ಇಲ್ಲದವರಿಗೆ ಅನ್ನ ಸಾರು, ಮಕ್ಕಳಿಗೆ ನೂಡಲ್ಸ್, ಅರ್ಧ ಉಪವಾಸದವರಿಗೆ ಮೂರೂ.

ಇದರ ನಡುವೆ ಪ್ರಕಾಶಕರ ಫೋನು. ಕನ್ನಡದ ಪ್ರಕಾಶಕರಿಗೆ ಡಿಸೆಂಬರ್ ಎಂದರೆ ಮೈಮೇಲೆ ದೇವರು ಬರುವ ತಿಂಗಳು. ಪುಸ್ತಕ 31ರೊಳಗೆ ಅಚ್ಚಾದರೆ ಅದರ ಮೇಲೆ ಈ ವರ್ಷದ ಇಸವಿ, ಮರುದಿನ ಅಚ್ಚಾದರೆ ಇನ್ನೊಂದು ಇಸವಿ. ಅಕಾಡೆಮಿಯ ಬಹುಮಾನಕ್ಕೆ ಕಳಿಸುವಾಗಲೂ ಗ್ರಂಥಾಲಯದ ಖರೀದಿಗೆ ಅರ್ಜಿ ಹಾಕುವಾಗಲೂ ನೋಡುವುದು ಆ ಇಸವಿಯನ್ನೇ. "ಮೇಡಂ, ಮುನಿವೆಂಕಟಪ್ಪ ಎಲ್ಲಿವರೆಗೆ ಬಂದ?" ಎಂದು ಅವರು ಕೇಳುತ್ತಾರೆ.

ಮುನಿವೆಂಕಟಪ್ಪ ನನ್ನ ನಾಯಕ. ಅವನು ಎಲ್ಲಿಗೂ ಬಂದಿಲ್ಲ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಪಾಲಾರ್, ಪಿನಾಕಿನಿ, ಅರ್ಕಾವತಿ ಎಂದು ನದಿಗಳು ಹುಟ್ಟುತ್ತವೆ, ಕೆಳಗಿನ ಹೊಲದವನು ಮಾತ್ರ ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆಸುತ್ತಾನೆ. ಇದೇ ನನ್ನ ಕಥೆ. ಹದಿನೇಳನೇ ಅಧ್ಯಾಯದಲ್ಲಿ ಅವನು ಕೊರೆಯುವ ಲಾರಿಯ ಪಕ್ಕ ಮೈತುಂಬ ಬಿಳಿ ಧೂಳು ಮೆತ್ತಿಕೊಂಡು ನಿಂತಿದ್ದಾನೆ. ದೀಪಾವಳಿಯಿಂದ ನಿಂತೇ ಇದ್ದಾನೆ. ಲಾರಿಯವರು ಅಡಿ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವರು, ಕೇಸಿಂಗ್ ಪೈಪಿಗೆ ಬೇರೆ. ನಾನು ಕಾಫಿ ಕಾಯಿಸಲು ಎದ್ದು ಹೋದಾಗಲೆಲ್ಲ ಆ ಬಡವನ ಸಾಲ ಏರುತ್ತಿದೆ ಎಂದು ನನಗೆ ಹೊಟ್ಟೆಯೊಳಗೆ ಸಂಕಟ.

ಇನ್ನು ಅವರೆಕಾಯಿ. ಚಳಿ ಶುರುವಾದಾಗ ಸಂತೆಗೆ ಇಳಿಯುವ ಕಾಯಿ ಸಂಕ್ರಾಂತಿ ದಾಟುವ ತನಕ ನಮ್ಮ ಸೀಮೆಯ ಅಡುಗೆಮನೆಗಳನ್ನು ಆಳುತ್ತದೆ. ಹುಳಿಗೆ ಕಾಳು, ಉಪ್ಪಿಟ್ಟಿಗೆ ಕಾಳು, ಅಕ್ಕಿರೊಟ್ಟಿಗೆ ಕಾಳು. ಇವೆಲ್ಲ ಸುಲಿದು ಹಾಕಿದರೆ ಮುಗಿಯುವ ಕೆಲಸ. ಹಿತಕಿದ ಬೇಳೆ ಹಾಗಲ್ಲ. ಸುಲಿದ ಕಾಳನ್ನು ರಾತ್ರಿ ನೀರಿಗೆ ಹಾಕಬೇಕು. ಬೆಳಗ್ಗೆ ಒಂದೊಂದನ್ನೇ ಎರಡು ಬೆರಳ ನಡುವೆ ಹಿಡಿದು ಅದುಮಬೇಕು. ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಹಾರಿದ್ದು ಪಾತ್ರೆಗೆ ಬಿದ್ದರೆ ಪುಣ್ಯ. ನನ್ನ ಲ್ಯಾಪ್‌ಟಾಪಿನ ಶಿಫ್ಟ್ ಕೀಲಿಯ ಕೆಳಗೆ ನುಸುಳಿದ ಒಂದು ಬೇಳೆ ಅಲ್ಲೇ ನೆಲೆಸಿದೆ. ಅದು ಅಡ್ಡ ಇರುವುದರಿಂದ ಮಹಾಪ್ರಾಣಗಳು ಏಳುವುದಿಲ್ಲ, ಮುನಿವೆಂಕಟಪ್ಪ ಈಗ "ಬೂಮಿ"ಯಲ್ಲಿ ಬೋರ್ ಕೊರೆಸುತ್ತಿದ್ದಾನೆ.

ಬೆಂಗಳೂರಿನವರು ಬಿಸಿ ಮುದ್ದೆ ಮುರಿದು ಹಿತಕಿದ ಬೇಳೆ ಸಾರಿಗೆ ಅದ್ದಿ "ಅಕ್ಕಾ, ನಮ್ಮಲ್ಲಿ ಇದೆಲ್ಲ ಎಲ್ಲಿ ಸಿಗುತ್ತೆ?" ಎಂದು ಕಣ್ಣು ಮುಚ್ಚುತ್ತಾರೆ. ಅವರ ಊರಿನಲ್ಲಿ ಅವರೆಗೆಂದೇ ವರ್ಷಾ ವರ್ಷ ಮೇಳ ನಡೆಯುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ವಾಪಸ್ ಹೋಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುವ ಕೆಲಸವೂ ಆಗಲೇ ಶುರುವಾಗಿರುತ್ತದೆ. ಅದನ್ನು ಬರೆಯುತ್ತಾ ಹೋದರೆ ಇದೂ ಕಾದಂಬರಿಯಾದೀತು.

ನಮ್ಮ ಹಳೇ ಕೋಲಾರ ಜಿಲ್ಲೆಗೆ ಬರೆಯುವವರು ಕಡಿಮೆಯಿಲ್ಲ. ಮಾಸ್ತಿಯವರು ಮಾಲೂರು ಸೀಮೆಯವರು. ಮೈಸೂರು ಸರ್ಕಾರದ ಅಧಿಕಾರಿಯಾಗಿ ಊರೂರು ಸುತ್ತುತ್ತಲೇ ಅಷ್ಟೊಂದು ಬರೆದರು, 1983ರ ಜ್ಞಾನಪೀಠವನ್ನೂ ಪಡೆದರು. ಕಚೇರಿಯಿಂದ ಬಂದವರ ಮುಂದೆ ಯಾರೂ ಅವರೆಕಾಯಿಯ ಮೊರ ತಂದಿಟ್ಟಿರಲಾರರು ಎಂಬುದು ನನ್ನ ಬಲವಾದ ಅನುಮಾನ. ನಮ್ಮ ಮನೆಯವರು ಇನ್ನೊಬ್ಬರನ್ನು ಹಿಡಿದುಕೊಂಡು ಬುದ್ಧಿ ಹೇಳುತ್ತಾರೆ. "ಮುದ್ದೇನಹಳ್ಳಿ ಇಲ್ಲೇ ಪಕ್ಕದಲ್ಲಿದೆ. ವಿಶ್ವೇಶ್ವರಯ್ಯನವರ ಊರಿನ ನೀರು ಕುಡಿದವಳು ನೀನು, ಒಂದು ಟೈಮ್ ಟೇಬಲ್ ಹಾಕ್ಕೊಳ್ಳೋಕಾಗಲ್ವಾ?" ಪೇಪರ್ ಓದುತ್ತಾ, ಎರಡನೇ ಕಾಫಿಗೆ ಕೈ ಚಾಚಿ ಹೇಳುವ ಮಾತಿದು. ವಿಶ್ವೇಶ್ವರಯ್ಯನವರು ನೂರು ದಾಟಿ ಬದುಕಿದವರು. ಆ ಲೆಕ್ಕದಲ್ಲಿ ನನಗಿನ್ನೂ ಬೇಕಾದಷ್ಟು ಟೈಮಿದೆ.

ಕೈಗೆ ಸೊಗಡು ಮೆತ್ತಿದ ಮೇಲೆ ಲ್ಯಾಪ್‌ಟಾಪ್ ಮುಟ್ಟುವಂತಿಲ್ಲ. ರಜೆಗೆ ಬಂದಿದ್ದ ನಾದಿನಿಯ ಮಗ ಅದಕ್ಕೂ ದಾರಿ ತೋರಿಸಿದ. "ಅತ್ತೆ, ಕೈ ಯಾಕೆ? ಬಾಯಲ್ಲಿ ಹೇಳ್ತಾ ಹೋಗಿ, ಫೋನೇ ಟೈಪ್ ಮಾಡ್ಕೊಳ್ಳುತ್ತೆ." ಫೋನನ್ನು ಮೊರದ ಪಕ್ಕ ಒರಗಿಸಿಕೊಟ್ಟ. ನಾನು ಬೇಳೆ ಹಿತಕುತ್ತಾ ಹದಿನೇಳನೇ ಅಧ್ಯಾಯವನ್ನು ಹೇಳತೊಡಗಿದೆ. ಎದುರಿಗೆ ನಮ್ಮತ್ತೆಯೂ ಹಿತಕುತ್ತಿದ್ದರು. ಅವರಿಗೆ ನಾನು ಹೇಳುತ್ತಿರುವುದು ಕಥೆ ಎಂದು ಗೊತ್ತಿತ್ತೋ, ಯಾರೋ ಪರಿಚಯದವರ ಸಮಾಚಾರ ಎಂದುಕೊಂಡರೋ, ಇವತ್ತಿಗೂ ನನಗೆ ತಿಳಿಯದು. ಸಂಜೆ ಕೈ ತೊಳೆದು ನೋಡಿದರೆ ಫೋನ್ ಹೀಗೆ ಬರೆದುಕೊಂಡಿತ್ತು:

"ಮುನಿವೆಂಕಟಪ್ಪ ಆಕಾಶ ನೋಡಿದ ಒಂದು ಮೋಡವೂ ಇರಲಿಲ್ಲ ಮೋಡ ನೋಡಿ ಯಾವನಾದ್ರೂ ಬೋರ್ ಹಾಕಿಸ್ತಾನೇನೇ ಅವನು ನಿಟ್ಟುಸಿರು ಬಿಟ್ಟು ತಂದೆಯನ್ನು ನೆನೆದ ಅವನಪ್ಪನೂ ಹಿಂಗೇ ಕೊರೆಸಿ ಕೊರೆಸಿ ಸತ್ತಿರಬೇಕು ಧೂಳು ಬಂತು ನೀರು ಬರಲಿಲ್ಲ ಅಯ್ಯೋ ಇದ್ರಲ್ಲಿ ಬರೀ ಹುಳ ಕಣೇ ಯಾರು ತಂದಿದ್ದು ಇದನ್ನ ಕುಕ್ಕರ್ ಎಷ್ಟು ಕೂಗ್ತು ಹೆಂಡ್ತಿ ಓಲೆ ಅಡ ಇಟ್ಟಿದ್ದಾನಾ ಇಲ್ವಾ ಅದು ಹೇಳು ಮೊದ್ಲು"

ನಮ್ಮ ಕಡೆ ಕೋಪ ಬಂದಾಗ ಮಾತು ತೆಲುಗಿಗೆ ಹೊರಳುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿದಾಗ ಅತ್ತೆ ಮಗನನ್ನು ತೆಲುಗಿನಲ್ಲಿ ಕೂಗಿಕೊಂಡಿದ್ದರು. ಅವರು "ಪಾಲು ಪಾಲು" ಎಂದದ್ದನ್ನು ಫೋನ್ ಹಾಗೇ ಕನ್ನಡವೆಂದು ನಂಬಿ ಬರೆದುಕೊಂಡು, ಮುನಿವೆಂಕಟಪ್ಪನ ಜಮೀನನ್ನು ತಾನೇ ಭಾಗ ಮಾಡಿಬಿಟ್ಟಿತ್ತು.

ಅಳಿಸೋಣ ಎಂದುಕೊಳ್ಳುವಷ್ಟರಲ್ಲಿ ಆದಿಯೋಗಿ ನೋಡಲು ಹೋಗಿದ್ದವರು ವಾಪಸ್ ಬಂದರು. ಆ ಫೈಲನ್ನು ಪ್ರಕಾಶಕರೂ ತೆರೆದು ಓದಬಹುದು. ಒಂದೊಂದು ಅಧ್ಯಾಯ ಮುಗಿದ ಹಾಗೆಲ್ಲ ನೋಡಿಕೊಳ್ಳಲೆಂದು ಅವರೇ ಮಾಡಿಸಿಕೊಂಡಿದ್ದ ಏರ್ಪಾಡು. ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಕೈಯಲ್ಲಿ ಪಾತ್ರೆಯಿದ್ದುದರಿಂದ ಸ್ಪೀಕರ್ ಹಾಕಿದೆ.

"ಮೇಡಂ! ಹದಿನೇಳನೇ ಅಧ್ಯಾಯದಲ್ಲಿ ಒಂದು ಮುದುಕಿ ಬರ್ತಾಳಲ್ಲ, ಆಹಾ! ಮೊದಲಿನಿಂದ ಯಾಕೆ ತರಲಿಲ್ಲ ಅವಳನ್ನ? ಹದಿನಾರು ಅಧ್ಯಾಯ ಸುಮ್ಮನೆ ಕಳೆದುಬಿಟ್ರಲ್ಲ!"

"ಯಾರವನು, ಮುದುಕಿ ಅಂದೋನು?" ಎಂದರು ಅತ್ತೆ.

"ಅದೇ! ಅದೇ ಧಾಟಿ!" ಎಂದು ಆ ಕಡೆಯಿಂದ ಪ್ರಕಾಶಕರು ಕುಣಿದಾಡಿದರು. "ನೀವೇ ಮಾತಾಡಿ ತೋರಿಸ್ತಾ ಇದ್ದೀರಾ ಮೇಡಂ?"

31ರ ಗಡುವು ಹೇಗೂ ಕೈ ಬಿಟ್ಟಿತ್ತು. ಯುಗಾದಿಗೆ ಖಂಡಿತ ಕೊಡುತ್ತೇನೆ ಎಂದೆ. ಕನ್ನಡದ ಬರಹಗಾರರಿಗೆ ಇದೊಂದು ಅನುಕೂಲ. ಜನವರಿಯಲ್ಲಿ ಆಗದ ಹೊಸ ವರ್ಷ ಚೈತ್ರದಲ್ಲಿ ಇನ್ನೊಮ್ಮೆ ಬರುತ್ತದೆ. ಅತ್ತೆ ಗೋಡೆಯ ಕ್ಯಾಲೆಂಡರ್ ಮಗುಚಿ ನೋಡಿದರು.

"ಮಾರ್ಚ್ 19ಕ್ಕೆ ಯುಗಾದಿ. ಸಂವತ್ಸರದ ಹೆಸರು ನೋಡ್ಕೊಂಡು ಮಾತು ಕೊಡು."

"ಏನತ್ತೆ ಹೆಸರು?"

"ಪರಾಭವ."

ಹೊಸ ವರ್ಷದ ಗುರಿಗಳಿಗೆ ನಮ್ಮ ಮನೆಯಲ್ಲಿ ಡೈರಿಗಳ ಕೊರತೆಯಿಲ್ಲ. ಬರೆಯುತ್ತಾಳೆ ಎಂದು ಊರಿಗೆ ಗೊತ್ತಾದರೆ ಸಾಕು, ವಿಮೆಯ ಏಜೆಂಟರು, ಗೊಬ್ಬರದ ಅಂಗಡಿಯವರು, ಸಹಕಾರ ಸಂಘದವರು ಎಲ್ಲರೂ ತಂದುಕೊಡುವುದು ಡೈರಿಯನ್ನೇ. ಪ್ರತಿ ಪುಟದ ಅಡಿಯಲ್ಲಿ ಟೊಮೆಟೊ ಬೀಜದ ಜಾಹೀರಾತಿರುವ ಒಂದರಲ್ಲಿ ನಾನು ಜನವರಿ 1ರ ಪುಟಕ್ಕೆ ಬರೆದೆ: ದಿನಕ್ಕೆ 500 ಪದ. ಬೆಳಗ್ಗೆ 5ಕ್ಕೆ ಏಳುವುದು. ಯಾರ ಪುಸ್ತಕಕ್ಕೂ ಮುನ್ನುಡಿ ಒಪ್ಪಿಕೊಳ್ಳದಿರುವುದು. 500ನ್ನು 365ರಿಂದ ಗುಣಿಸಿದರೆ 1,82,500 ಪದ, ಅಂದರೆ ಮೂರು ಕಾದಂಬರಿ. ವರ್ಷದ ಕೊನೆಯ ರಾತ್ರಿ ಈ ಗುಣಾಕಾರ ಮಾಡದ ಕಾದಂಬರಿಕಾರರು ಕನ್ನಡದಲ್ಲಿ ಇರಲಾರರು. ಐದಕ್ಕೆ ಏಳುವುದರಲ್ಲಿ ನನಗೆ ತೊಂದರೆಯಾಗಲಿಲ್ಲ. ಧನುರ್ಮಾಸದ ಪೂಜೆಗೆಂದು ದೇವಸ್ಥಾನದ ಮೈಕು ಅದಕ್ಕೂ ಮೊದಲೇ ಎಬ್ಬಿಸುತ್ತದೆ. ಎದ್ದ ಮೇಲೆ ಅದೇ ಮೈಕಿನ ಕೆಳಗೆ ಮುನಿವೆಂಕಟಪ್ಪನ ಮೌನವನ್ನು ಬರೆಯುವುದು ಹೇಗೆ?

ಹಳೆಯ ಡೈರಿಗಳನ್ನು ಅವತ್ತು ತೆಗೆದು ನೋಡಿದೆ. ಎಲ್ಲದರಲ್ಲೂ ಮೊದಲ ಒಂದೆರಡು ಪುಟ ನನ್ನ ಅಕ್ಷರ. ಅಲ್ಲಿಂದಾಚೆ ಅತ್ತೆಯದು. ಹಾಲು, ಹೂವು, ಸಿಲಿಂಡರ್ ಬಂದ ತಾರೀಕು, ಚೀಟಿ ಕಟ್ಟಿದ್ದು, ಯಾರು ಬಂದರು, ಏನು ತಂದರು, ಏನೂ ತರದೆ ಬಂದವರು ಯಾರು. ಡಿಸೆಂಬರ್ 31ರವರೆಗೆ ಒಂದು ಪುಟವೂ ಖಾಲಿಯಿಲ್ಲ. ನಮ್ಮ ಮನೆಯಲ್ಲಿ ದಿನಾ ತಪ್ಪದೆ ಬರೆಯುವ ಲೇಖಕಿ ಒಬ್ಬರಿದ್ದಾರೆ, ಅದು ನಾನಲ್ಲ.

"ಆ ಅಪ್ಪ ಅಷ್ಟು ಕುಣಿದನಲ್ಲ, ಎಷ್ಟು ಕೊಡ್ತಾನೆ?" ಎಂದು ಅತ್ತೆ ಮರುದಿನ ಕೇಳಿದರು.

ಸಾಮಾನ್ಯವಾಗಿ ಮುಖಬೆಲೆಯ ಶೇಕಡಾ 10 ಎಂದೆ. 300 ರೂಪಾಯಿಯ ಪುಸ್ತಕಕ್ಕೆ 30. ಸಾವಿರ ಪ್ರತಿ ಹಾಕಿ ಸಾವಿರವೂ ಹೋದರೆ 30,000. ಅಷ್ಟೂ ಹೋಗಲು ಒಂದಷ್ಟು ವರ್ಷ ಹಿಡಿಯಬಹುದು ಎಂಬುದನ್ನು ಸ್ವಲ್ಪ ಮೆಲ್ಲಗೆ ಹೇಳಿದೆ.

ಅತ್ತೆ ತಮ್ಮ ಡೈರಿ ತೆಗೆದು ಡಿಸೆಂಬರಿನ ಪುಟಗಳ ಮೇಲೆ ಬೆರಳಾಡಿಸಿದರು. ಕಾಫಿಪುಡಿ, ಹಾಲು, ಕಾಯಿ, ಎರಡನೇ ಸಿಲಿಂಡರ್. ತುಟಿ ಅಲ್ಲಾಡಿಸುತ್ತಾ ಕೂಡಿದರು. ಮೊತ್ತವನ್ನು ನನಗೆ ಹೇಳಲಿಲ್ಲ. "ನೀನು ಬರೆಯೋದೆಲ್ಲ ನೆಂಟರ ಕಾಫಿಗೇ ಆಗೋಯ್ತು" ಎಂದಷ್ಟೇ ಹೇಳಿ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ನನ್ನ ಗುರಿಗಳಿದ್ದ ಹೊಸ ಡೈರಿಯನ್ನು ಎಳೆದುಕೊಂಡು, 1,82,500 ಪದಗಳ ಲೆಕ್ಕವನ್ನು ಓದದೆಯೇ ದಾಟಿ, ಹಾಳೆ ಮಗುಚುತ್ತಾ ಮಗುಚುತ್ತಾ ಡಿಸೆಂಬರ್ 24ಕ್ಕೆ ಹೋಗಿ ನಿಂತರು. ಪೆನ್ನು ಕೇಳಿ ಇಸಿದುಕೊಂಡು ಬರೆದರು:

"ಸೊಸೆ, ನಾನು ಬೆಂಗಳೂರಿಗೆ. ಎಲ್ಲರ ಮನೆಗೂ ಹೋಗುವುದು. ಕಾಯಿ ಇಲ್ಲಿಂದ ಮೂಟೆ ಒಯ್ಯುವುದು. ಅವರೇ ಸುಲಿಯಲಿ."