ಲೆಕ್ಕಕ್ಕೆ ನಿಲ್ಲಿಸಿದವಳು ಗೆದ್ದುಬಿಟ್ಟಳು!

2011ರ ಮೇ 2ರ ರಾತ್ರಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬರ್ತಿಯೇ–ಮಾಸ್ಕಿನೋಂಜೆ ಕ್ಷೇತ್ರದ ಜನ ತಮ್ಮ ಹೊಸ ಸಂಸದೆ ಯಾರು ಅಂತ ಹುಡುಕೋಕೆ ಶುರು ಮಾಡಿದರು. ಆರಿಸಿದವರು ಅವರೇ. ಬೆಳಿಗ್ಗೆ ಮತಗಟ್ಟೆಗೆ ಹೋಗಿ ಗುರುತು ಹಾಕಿ ಬಂದವರೂ ಅವರೇ. ಆದರೂ ಹುಡುಕಿದರು.

ಸಿಕ್ಕ ಮಾಹಿತಿ ಹೀಗಿತ್ತು. ಹೆಸರು ರುತ್ ಎಲೆನ್ ಬ್ರೊಸೋ. ವಯಸ್ಸು 27. ಒಬ್ಬಂಟಿ ತಾಯಿ. ಕೆಲಸ, ಒಟ್ಟಾವಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪಬ್‌ನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್. ಅಲ್ಲಿಂದ ಕ್ಷೇತ್ರಕ್ಕೆ ಸುಮಾರು 300 ಕಿಲೋಮೀಟರ್. ಅಷ್ಟು ದೂರ ಅವರು ಒಮ್ಮೆಯೂ ಬಂದಿರಲಿಲ್ಲ. ಕ್ಷೇತ್ರದ ಜನ ಹೆಚ್ಚುಕಮ್ಮಿ ಎಲ್ಲರೂ ಫ್ರೆಂಚ್ ಮಾತಾಡುವವರು. ಬ್ರೊಸೋ ಅವರ ಫ್ರೆಂಚ್ ಮಾತ್ರ ತೀರಾ ತಡವರಿಕೆಯದು. ಪ್ರಚಾರ ಕಾವೇರಿದ್ದಾಗ ಅವರು ಲಾಸ್ ವೇಗಸ್‌ಗೆ ರಜೆಗೆ ಹೋಗಿದ್ದರು. ಚುನಾವಣೆ ಘೋಷಣೆಗೆ ಮುಂಚೆಯೇ ನಿಗದಿಯಾಗಿದ್ದ ಪ್ರವಾಸ ಅದು ಅಂತ ಪಕ್ಷ ಸಮಜಾಯಿಷಿ ಕೊಟ್ಟಿತು. ನ್ಯಾಯವೇ ಬಿಡಿ. ಸೋಲೋಕೆ ಅಂತ ನಿಂತ ಚುನಾವಣೆಗೋಸ್ಕರ ದುಡ್ಡು ಕೊಟ್ಟ ಪ್ರವಾಸವನ್ನು ಯಾರು ಬಿಡುತ್ತಾರೆ?

ಆದರೆ ಸೋಲಲಿಲ್ಲ. 2004ರಿಂದ ಅಲ್ಲಿ ಸಂಸದರಾಗಿದ್ದ, ಊರೂರು ಸುತ್ತಿದ್ದ, ಫ್ರೆಂಚನ್ನು ಹುಟ್ಟಿನಿಂದ ಮಾತಾಡುವ ಗಿ ಆಂದ್ರೆ ಅವರನ್ನು ಸುಮಾರು 5,800 ಮತಗಳಿಂದ ಸೋಲಿಸಿಬಿಟ್ಟರು. ಪಾಪ, ಆಂದ್ರೆ ಅವರಿಗೆ ಎದುರಾಳಿಯ ಬಗ್ಗೆ ಒಂದು ಟೀಕೆ ಮಾಡೋಕೂ ಅವಕಾಶ ಸಿಕ್ಕಿರಲಿಲ್ಲ. ಟೀಕೆ ಮಾಡೋಕೆ ಎದುರಾಳಿ ಎದುರಿಗಾದರೂ ಇರಬೇಕಲ್ವಾ?

ಇದೆಲ್ಲ ಹೇಗೆ ಆಯಿತು ಅನ್ನೋದು ಒಂದು ಸಣ್ಣ ಲೆಕ್ಕಾಚಾರದ ಕಥೆ. ಕೆನಡಾದಲ್ಲಿ ಆಗ 308 ಕ್ಷೇತ್ರಗಳು. ಅಭ್ಯರ್ಥಿ ಕ್ಷೇತ್ರದಲ್ಲೇ ವಾಸವಾಗಿರಬೇಕು ಅನ್ನೋ ನಿಯಮ ಇಲ್ಲ. ಆಗ ಕ್ಷೇತ್ರದ ನೂರು ಮತದಾರರ ಸಹಿ, ಸಾವಿರ ಡಾಲರ್ ಠೇವಣಿ, ಮತ್ತೆ ಒಂದಿಷ್ಟು ಕಾಗದಪತ್ರ ಇದ್ದರೆ ಸಾಕಿತ್ತು. ಜೊತೆಗೆ ಪಕ್ಷಕ್ಕೆ ಬಿದ್ದ ಒಂದೊಂದು ಮತಕ್ಕೂ ಸರ್ಕಾರ ವರ್ಷಕ್ಕೆ ಸುಮಾರು ಎರಡು ಡಾಲರ್ ಕೊಡುತ್ತಿದ್ದ ಕಾಲ ಅದು. ಸೋತ ಮತಕ್ಕೂ ಅದೇ ದರ. ಇಂಥ ಕಡೆ ಯಾವ ಪಕ್ಷ ತಾನೇ ಕ್ಷೇತ್ರವನ್ನು ಖಾಲಿ ಬಿಡುತ್ತದೆ? ಯಾರದಾದರೂ ಒಂದು ಹೆಸರು ಮತಪತ್ರದಲ್ಲಿ ಇರಲಿ, ನಾಲ್ಕು ಮತ ಬಿದ್ದರೂ ಎಂಟು ಡಾಲರ್ ಬಂತು.

ಹಾಗಾಗಿ ಎನ್‌ಡಿಪಿ, ಅಂದರೆ ನ್ಯೂ ಡೆಮಾಕ್ರಟಿಕ್ ಪಾರ್ಟಿ, ಕ್ವಿಬೆಕ್ ಪ್ರಾಂತ್ಯದ 75 ಕ್ಷೇತ್ರಗಳಿಗೂ ಹೆಸರು ಹುಡುಕಿತು. ಹಿಂದಿನ ಚುನಾವಣೆಯಲ್ಲಿ ಆ 75ರಲ್ಲಿ ಗೆದ್ದಿದ್ದು ಒಂದೇ ಒಂದು. ಉಳಿದ ಕಡೆ ನಿಲ್ಲೋಕೆ ತಲೆ ಸರಿಯಿದ್ದ ನಾಯಕರು ಯಾರೂ ಮುಂದೆ ಬರೋದಿಲ್ಲ. ವಿದ್ಯಾರ್ಥಿಗಳು, ಕಾರ್ಯಕರ್ತರು, ಪರಿಚಯದವರು, ಪರಿಚಯದವರ ಪರಿಚಯದವರು, 'ಸುಮ್ನೆ ಒಂದು ಸಹಿ ಹಾಕಿ, ಏನೂ ಆಗಲ್ಲ' ಅಂದರೆ ಹೂಂ ಅನ್ನುವವರು, ಇಂಥವರೇ ಗತಿ. ಇವರೆಲ್ಲ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಬ್ರೊಸೋ ಅವರೂ ಆ ಪಟ್ಟಿಯಲ್ಲಿ ಒಬ್ಬರು.

ಆಮೇಲೆ ಗಾಳಿ ಬೀಸಿತು. ಪಕ್ಷದ ನಾಯಕ ಜ್ಯಾಕ್ ಲೇಟನ್ ಸೊಂಟದ ಶಸ್ತ್ರಚಿಕಿತ್ಸೆಯಾಗಿ ಕೈಯಲ್ಲಿ ಊರುಗೋಲು ಹಿಡಿದು ಓಡಾಡುತ್ತಿದ್ದರು. ಫ್ರೆಂಚ್ ಟಿ.ವಿ.ಯಲ್ಲಿ ಕೂತು ನಕ್ಕರು, ಮಾತಾಡಿದರು, ಚರ್ಚೆಯಲ್ಲೂ ಚೆನ್ನಾಗಿಯೇ ನಿಭಾಯಿಸಿದರು. ಕ್ವಿಬೆಕ್ ಜನ ಅವರನ್ನು ಮೆಚ್ಚಿಬಿಟ್ಟರು. ಎಷ್ಟು ಅಂದರೆ ಒಂದಿದ್ದ ಸ್ಥಾನ 59 ಆಯಿತು. ಅಲ್ಲಿಯವರೆಗೆ ಆ ಪ್ರಾಂತ್ಯದ ಹೆಚ್ಚಿನ ಸ್ಥಾನಗಳನ್ನು ಹಿಡಿದುಕೊಂಡಿದ್ದ ಬ್ಲಾಕ್ ಕ್ವಿಬೆಕ್ವಾ ಪಕ್ಷ 47ರಿಂದ ನಾಲ್ಕಕ್ಕೆ ಇಳಿಯಿತು. ಅದರ ನಾಯಕ ಜಿಲ್ ದುಸೆಪ್ ತಮ್ಮ ಕ್ಷೇತ್ರವನ್ನೇ ಕಳೆದುಕೊಂಡರು.

ಮತಗಟ್ಟೆಯೊಳಗಿನ ದೃಶ್ಯವನ್ನು ಸ್ವಲ್ಪ ಊಹಿಸಿಕೊಳ್ಳಿ. ಕೆನಡಾದ ಮತಪತ್ರ ಸಣ್ಣದು. ಕಪ್ಪು ಬಣ್ಣದ ಕಾಗದದ ಮೇಲೆ ಬಿಳಿ ಅಕ್ಷರದಲ್ಲಿ ಅಭ್ಯರ್ಥಿಯ ಹೆಸರು, ಅದರ ಕೆಳಗೆ ಪಕ್ಷದ ಹೆಸರು, ಪಕ್ಕದಲ್ಲಿ ಒಂದು ಬಿಳಿ ವೃತ್ತ. ಕೈಗೆ ಒಂದು ಪೆನ್ಸಿಲ್. ಮತದಾರ ಮಹಾಶಯ ಲೇಟನ್ ಅವರನ್ನು ಹುಡುಕುತ್ತಾನೆ. ಲೇಟನ್ ಅಲ್ಲಿಲ್ಲ, ಅವರು ನಿಂತಿರುವುದು ಟೊರೊಂಟೊದಲ್ಲಿ. ಬ್ರೊಸೋ ಅಂತ ಯಾರೋ ಇದ್ದಾರೆ. ಯಾರು? ಗೊತ್ತಿಲ್ಲ. ಪಕ್ಷದ ಹೆಸರು ಸರಿಯಾಗಿದೆ. ವೃತ್ತದಲ್ಲಿ ಗುರುತು ಬಿತ್ತು. ಇಂಥ ಗುರುತುಗಳು 22,000 ದಾಟಿದವು. ಹೆಸರನ್ನು ಓದಿದವರೆಷ್ಟು ಅನ್ನೋದನ್ನು ಯಾವ ಚುನಾವಣಾ ಆಯೋಗವೂ ಎಣಿಸುವುದಿಲ್ಲ, ಎಣಿಸದಿರುವುದೇ ಒಳ್ಳೆಯದು.

ಮರುದಿನದಿಂದ ವಿಚಾರಣೆ ಶುರು. ಮತದಾರನ ವಿಚಾರಣೆಯೂ ಅಲ್ಲ, ಪಕ್ಷದ ವಿಚಾರಣೆಯೂ ಅಲ್ಲ. ಪಬ್‌ನ ಅಸಿಸ್ಟೆಂಟ್ ಮ್ಯಾನೇಜರ್ ವಿಚಾರಣೆ. ಪತ್ರಕರ್ತರು ಆಕೆಯ ಬದುಕನ್ನು ಮೂಲೆಮೂಲೆಯೂ ಬಿಡದೆ ಜಾಲಾಡಿದರು. ಪಕ್ಷ ಪ್ರಕಟಿಸಿದ್ದ ಪರಿಚಯದಲ್ಲಿ ಕಾಲೇಜಿನ ಡಿಪ್ಲೊಮಾ ಇತ್ತು, ಅದನ್ನು ಆಕೆ ಮುಗಿಸಿರಲಿಲ್ಲ ಅಂತ ಗೊತ್ತಾಯಿತು. ನಾಮಪತ್ರಕ್ಕೆ ಸಹಿ ಹಾಕಿದವರನ್ನು ಹುಡುಕಿ ಹುಡುಕಿ ಮಾತಾಡಿಸಿದರು. ವೇಗಸ್ ಅಂತೂ ಮುಗಿಯದ ಕಥೆ. ಮೂವತ್ತು ವರ್ಷ ಸಂಸತ್ತಿನಲ್ಲಿ ಕೂತು ಒಂದು ಮಾತೂ ಆಡದೆ ಎದ್ದುಹೋದವರ ಬೆನ್ನು ಹತ್ತಿ ಯಾರಾದರೂ ಇಷ್ಟು ಶ್ರಮ ಪಟ್ಟಿದ್ದರೆ ಆ ದೇಶದ ಪ್ರಜಾಪ್ರಭುತ್ವ ಎಲ್ಲಿಗೋ ಹೋಗಿರುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಸಂಬಳ. ಸಂಸದರಿಗೆ ಆಗ ವರ್ಷಕ್ಕೆ 1,57,731 ಡಾಲರ್. ಅದೇ ಚುನಾವಣೆಯಲ್ಲಿ ಶೆರ್‌ಬ್ರೂಕ್‌ನಿಂದ ಪಿಯೆರ್-ಲುಕ್ ದುಸೋ ಅನ್ನುವ 19 ವರ್ಷದ ವಿದ್ಯಾರ್ಥಿ ಗೆದ್ದಿದ್ದ, ಕೆನಡಾದ ಇತಿಹಾಸದಲ್ಲೇ ಅತಿ ಕಿರಿಯ ಸಂಸದ. ಬೇಸಿಗೆಯಲ್ಲಿ ಗಾಲ್ಫ್ ಮೈದಾನದಲ್ಲಿ ಕೆಲಸ ಮಾಡೋದು ಅಂತ ಗೊತ್ತು ಮಾಡಿಕೊಂಡಿದ್ದ ಹುಡುಗ. ಮೆಕ್‌ಗಿಲ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳೂ ಗೆದ್ದಿದ್ದರು. 'ಈ ಮಕ್ಕಳಿಗೆ ಅಷ್ಟು ದುಡ್ಡಾ?' ಅಂತ ದೇಶವೆಲ್ಲ ಬಾಯಿ ಮೇಲೆ ಬೆರಳಿಟ್ಟಿತು. ಅದೇ ದುಡ್ಡನ್ನು ಅರವತ್ತು ದಾಟಿದವರು ತೆಗೆದುಕೊಂಡರೆ ಅದಕ್ಕೆ ಅನುಭವ ಅಂತ ಹೆಸರು.

ಅನುಭವದ ಮಾತು ಬಂತಲ್ಲ, ಒಂದು ಹಳೆಯ ಕಥೆ ಹೇಳಲೇಬೇಕು. ಕೆನಡಾದ ಮೊದಲ ಪ್ರಧಾನಿ ಸರ್ ಜಾನ್ ಎ. ಮ್ಯಾಕ್‌ಡೊನಾಲ್ಡ್ 1878ರ ಚುನಾವಣೆಯಲ್ಲಿ ಸ್ವಂತ ಊರಾದ ಕಿಂಗ್‌ಸ್ಟನ್‌ನಲ್ಲಿ ಸೋತರು. ಆದರೆ ದೇಶದ ಇನ್ನೊಂದು ತುದಿ, ಶಾಂತ ಸಾಗರದ ದಂಡೆಯ ವಿಕ್ಟೋರಿಯಾದಲ್ಲಿ ಗೆದ್ದರು. ಆ ಊರನ್ನು ಅವರು ನೋಡಿರಲಿಲ್ಲ. ಗೆದ್ದ ಮೇಲಾದರೂ ಹೋದರಾ? ಇಲ್ಲ. 1882ರವರೆಗೆ ಅಲ್ಲಿನ ಪ್ರತಿನಿಧಿಯಾಗಿದ್ದರು, ಒಮ್ಮೆಯೂ ಕಾಲಿಡಲಿಲ್ಲ. ಕೊನೆಗೆ ದೇಶದ ಉದ್ದಕ್ಕೂ ರೈಲು ಹಾಸಿದ ಮೇಲೆ, 1886ರಲ್ಲಿ, ಆ ಕಡೆ ಹೋದರು. ಅಷ್ಟರಲ್ಲಿ ಅವರು ಅಲ್ಲಿನ ಪ್ರತಿನಿಧಿಯೇ ಆಗಿರಲಿಲ್ಲ! ಇಂಥ ಮಹನೀಯರಿಗೆ ದೇಶ ಏನು ಮಾಡಿತು? ಹತ್ತು ಡಾಲರ್ ನೋಟಿನ ಮೇಲೆ ಅವರ ಚಿತ್ರ ಹಾಕಿತು. ಬ್ರೊಸೋ ಪಬ್‌ನಲ್ಲಿ ದಿನವೂ ಎಣಿಸುತ್ತಿದ್ದ ಗಲ್ಲಾದಲ್ಲೂ ಆ ನೋಟುಗಳು ಇದ್ದಿರಲೇಬೇಕು. ಕ್ಷೇತ್ರ ನೋಡದ ಗಂಡಸು ನೋಟಿನ ಮೇಲೆ, ಕ್ಷೇತ್ರ ನೋಡದ ಹುಡುಗಿ ವ್ಯಂಗ್ಯಚಿತ್ರದಲ್ಲಿ.

ಅಂದಹಾಗೆ ಮ್ಯಾಕ್‌ಡೊನಾಲ್ಡ್‌ಗೆ ನಾಲ್ಕು ವರ್ಷ ಬಿಟ್ಟಿದ್ದರು. ಬ್ರೊಸೋಗೆ ಕೆಲವೇ ದಿನ.

ಆ ಕೆಲವು ದಿನ ಪಕ್ಷ ಆಕೆಯ ಬಾಯಿಗೆ ಬೀಗ ಹಾಕಿ ಇಟ್ಟುಕೊಂಡಿತು. ಕ್ಯಾಮೆರಾ ಮುಂದೆ ಬಿಡಲಿಲ್ಲ. ಕೊನೆಗೆ ಮೇ ತಿಂಗಳಲ್ಲೇ, ಹಿರಿಯ ಸಂಸದ ಟಾಮಸ್ ಮಲ್ಕೇರ್ ಅವರನ್ನು ಜೊತೆಗಿಟ್ಟು ಕ್ಷೇತ್ರದ ಲೂಯಿಸ್‌ವಿಲ್‌ಗೆ ಕಳಿಸಿತು. ಹೊಸ ಸಂಸದೆ ತಮ್ಮನ್ನು ಆರಿಸಿದವರನ್ನು ಮೊದಲ ಸಲ ನೋಡಿದರು. ಆರಿಸಿದವರೂ ತಾವು ಆರಿಸಿದ್ದು ಯಾರನ್ನು ಅಂತ ಮೊದಲ ಸಲ ನೋಡಿದರು. ಪರಸ್ಪರ ಪರಿಚಯವಾಯಿತು. ಸಾಮಾನ್ಯವಾಗಿ ಇದು ಮತದಾನಕ್ಕೆ ಮುಂಚೆ ನಡೆಯುವ ಕಾರ್ಯಕ್ರಮ. ಇಲ್ಲಿ ಸ್ವಲ್ಪ ಹಿಂದುಮುಂದಾಯಿತು, ಅಷ್ಟೇ.

ಇಷ್ಟಾದರೂ ಪಕ್ಷವನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಮಾತು ಬಾರದ ಊರಿಗೆ ಹೆಸರು ಬರೆದು ಕಳಿಸಿದವರು ಯಾರು? ಗೆದ್ದರೆ ಏನು ಮಾಡೋದು ಅಂತ ಒಂದು ನಿಮಿಷ ಯೋಚಿಸದವರು ಯಾರು? ಅವರೆಲ್ಲ ಒಟ್ಟಾವಾದಲ್ಲಿ ಐತಿಹಾಸಿಕ ಗೆಲುವಿನ ಸಂಭ್ರಮದಲ್ಲಿದ್ದರು. 103 ಸ್ಥಾನ, ಅಧಿಕೃತ ವಿರೋಧ ಪಕ್ಷದ ಪಟ್ಟ. ಗೆದ್ದ ಕೀರ್ತಿ ಅಲೆಗೆ, ನಾಯಕನಿಗೆ, ತಂತ್ರಗಾರಿಕೆಗೆ. ನಗೆಪಾಟಲಿಗೆ ಮಾತ್ರ ಬ್ರೊಸೋ.

ಮುಂದೆ ಆಗಿದ್ದು ಪತ್ರಿಕೆಗಳಿಗೆ ಬಹಳ ಬೇಜಾರಿನ ಸಂಗತಿ. ಆಕೆ ಕೆಲಸ ಮಾಡೋಕೆ ಶುರು ಮಾಡಿದರು. ಪಾಠ ಹೇಳಿಸಿಕೊಂಡು ಫ್ರೆಂಚ್ ಕಲಿತರು. ರೈತರ ಕ್ಷೇತ್ರವಾದ್ದರಿಂದ ಕೃಷಿಯ ವಿಚಾರ ಹಿಡಿದರು. ಹೈನುಗಾರರ ಗೋಳು ಕೇಳಿದರು. ಅಮೆರಿಕದಿಂದ ಸುಂಕವಿಲ್ಲದೆ ಒಳಗೆ ಬರುತ್ತಿದ್ದ ಹಾಲಿನ ಪ್ರೋಟೀನ್ ದ್ರವ ಅಲ್ಲಿನ ಹೈನುಗಾರರ ಹೊಟ್ಟೆ ಮೇಲೆ ಹೊಡೆಯುತ್ತಿದೆ ಅಂತ ಸದನದಲ್ಲಿ ಪಟ್ಟು ಹಿಡಿದರು. ಆಹಾರ ಪೋಲಾಗೋದನ್ನು ತಡೆಯೋಕೆ ಮಸೂದೆ ತಂದರು, ಅದು ಬಿದ್ದುಹೋಯಿತು. ಹಾಲಿನ ಪ್ರೋಟೀನ್ ಸುದ್ದಿಯನ್ನು ಯಾರು ಓದುತ್ತಾರೆ ಹೇಳಿ? ಅದರಲ್ಲಿ ವೇಗಸ್ ಇಲ್ಲ.

2015ರ ಚುನಾವಣೆಯಲ್ಲಿ ಗಾಳಿ ತಿರುಗಿತ್ತು. ಕ್ವಿಬೆಕ್‌ನಲ್ಲಿ ಎನ್‌ಡಿಪಿ 59ರಿಂದ 16ಕ್ಕೆ ಕುಸಿಯಿತು. ಘಟಾನುಘಟಿಗಳು ಮನೆಗೆ ಹೋದರು. ಬ್ರೊಸೋ ಗೆದ್ದರು, ಅದೂ ಸುಮಾರು 9,000 ಮತಗಳ ಅಂತರದಿಂದ. ಅಲೆಯಿಂದ ಬಂದವರು ಅಲೆ ಇಳಿದಾಗ ಹೋಗಬೇಕು ಅಂತ ಪಂಡಿತರು ಬರೆದಿಟ್ಟಿದ್ದ ಸೂತ್ರಕ್ಕೆ ಇದು ಒಗ್ಗಲಿಲ್ಲ. ಸೂತ್ರ ಕೈಕೊಟ್ಟಾಗ ಪಂಡಿತರು ಮಾಡೋದನ್ನೇ ಮಾಡಿದರು, ವಿಷಯ ಬದಲಿಸಿದರು.

ಮತ್ತೆ ಇಡೀ ದೇಶದ ಕ್ಯಾಮೆರಾಗಳು ಆಕೆಯ ಕಡೆ ತಿರುಗಿದ್ದು 2016ರ ಮೇ 18ರಂದು. ಈ ಸಲ ಕಾರಣ ಪ್ರಧಾನಿಯ ಮೊಣಕೈ. ಚರ್ಚೆಗೆ ಕಡಿವಾಣ ಹಾಕುವ ನಿರ್ಣಯದ ಮೇಲೆ ಮತದಾನ ನಡೆಯಬೇಕಿತ್ತು. ವಿರೋಧ ಪಕ್ಷದವರು ಸಾಲಿನ ನಡುವೆ ನಿಂತು ದಾರಿ ನಿಧಾನ ಮಾಡುತ್ತಿದ್ದರು. ಜಸ್ಟಿನ್ ಟ್ರುಡೊಗೆ ತಾಳ್ಮೆ ಸಾಲಲಿಲ್ಲ. ಎದ್ದು ಬಂದು ಗುಂಪಿನೊಳಗೆ ನುಗ್ಗಿ ಕನ್ಸರ್ವೇಟಿವ್ ಪಕ್ಷದ ವಿಪ್ ಗೋರ್ಡ್ ಬ್ರೌನ್ ಅವರ ತೋಳು ಹಿಡಿದು ಎಳೆದರು. ಆ ಎಳೆದಾಟದಲ್ಲಿ ಅವರ ಮೊಣಕೈ ಹಿಂದಿದ್ದ ಬ್ರೊಸೋ ಅವರ ಎದೆಗೆ ಬಡಿಯಿತು. ಆಕೆ ಹೊರಗೆ ಹೋದರು, ಮತದಾನ ತಪ್ಪಿತು. ಟ್ರುಡೊ ಒಂದಲ್ಲ, ಹಲವು ಸಲ ಕ್ಷಮೆ ಕೇಳಿದರು.

ಈಗ ಯಾರ ವಿಚಾರಣೆ ಅಂತೀರಿ? ಮೊಣಕೈಯದಲ್ಲ, ಎದೆಯದು! ಅಷ್ಟು ನೋವಾಯಿತಾ, ನಾಟಕ ಮಾಡಿದರಾ ಅಂತ ಜನ ವಿಡಿಯೋವನ್ನು ಹಿಂದೆ ಮುಂದೆ ಓಡಿಸಿ, ನಿಧಾನ ಮಾಡಿ, ದೊಡ್ಡದು ಮಾಡಿ ನೋಡಿದರು. ಐದು ವರ್ಷ ಆಕೆ ಸದನದಲ್ಲಿ ಆಡಿದ ಮಾತುಗಳನ್ನೆಲ್ಲ ಸೇರಿಸಿದರೂ ಆ ಕೆಲವು ಸೆಕೆಂಡಿನ ವಿಡಿಯೋಗೆ ಸಿಕ್ಕಷ್ಟು ಪ್ರೇಕ್ಷಕರು ಸಿಕ್ಕಿರಲಿಲ್ಲ. ಊರಲ್ಲಿ ಇಲ್ಲದಿದ್ದಾಗ ಎಲ್ಲಿ ಹೋದೆ ಅಂತ ಬೈಸಿಕೊಂಡರು, ಸದನದಲ್ಲಿ ಇದ್ದಾಗ ಅಲ್ಲಿ ಯಾಕೆ ನಿಂತಿದ್ದೆ ಅಂತ ಬೈಸಿಕೊಂಡರು.

2018ರಲ್ಲಿ ಪಕ್ಷ ಅವರನ್ನು ಸದನದ ನಾಯಕಿ ಮಾಡಿತು. ಸದನದ ಕಲಾಪದಲ್ಲಿ ಪಕ್ಷದ ನಡೆ ನೋಡಿಕೊಳ್ಳುವ, ನಿಯಮಾವಳಿ ಅರೆದು ಕುಡಿದವರಿಗೆ ಕೊಡುವ ಹುದ್ದೆ ಅದು. ಗಾಲ್ಫ್ ಮೈದಾನದ ಹುಡುಗ ದುಸೋ ಅಷ್ಟರಲ್ಲಿ ಸಂಸದೀಯ ಸಮಿತಿಯೊಂದರ ಅಧ್ಯಕ್ಷನಾಗಿ, ಅದರಲ್ಲೂ ಅತಿ ಕಿರಿಯ ಅನ್ನಿಸಿಕೊಂಡಾಗಿತ್ತು. ಮಕ್ಕಳಿಗೆ ಅಷ್ಟು ದುಡ್ಡಾ ಅಂದಿದ್ದವರು ಆಗ ಏನಂದರು ಅಂತ ಹುಡುಕಬೇಡಿ, ಸಿಗಲ್ಲ.

ಕೊನೆಗೆ ಬಂತು 2019. ಬ್ರೊಸೋಗೆ ಈಗ ಭಾಷೆ ಬರುತ್ತದೆ. ಕ್ಷೇತ್ರ ಗೊತ್ತು, ಹಳ್ಳಿ ಗೊತ್ತು, ಹಸು ಗೊತ್ತು. ಎಂಟು ವರ್ಷದ ಕೆಲಸ ಬೆನ್ನಿಗಿದೆ. ಪ್ರಚಾರವನ್ನೂ ಮಾಡಿದರು. ಸೋತರು! 2015ರಲ್ಲಿ ತಾವೇ ಸೋಲಿಸಿದ್ದ ಬ್ಲಾಕ್ ಕ್ವಿಬೆಕ್ವಾದ ಈವ್ ಪೆರಾನ್ ಎದುರು. ದುಸೋ ಕೂಡ ಅದೇ ಚುನಾವಣೆಯಲ್ಲಿ ಮನೆಗೆ ಹೋದರು. 2021ರಲ್ಲಿ ಬ್ರೊಸೋ ಮತ್ತೆ ನಿಂತರು, ಅದೇ ಪೆರಾನ್ ಎದುರು ಇನ್ನೂ ಕಡಿಮೆ ಅಂತರದಲ್ಲಿ ಮತ್ತೆ ಸೋತರು.

ಚುನಾವಣಾ ತಂತ್ರಗಾರರು ಅಂತ ಇದ್ದಾರಲ್ಲ, ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ನಕ್ಷೆ ತೋರಿಸಿ, ಅಭ್ಯರ್ಥಿ ದಿನಕ್ಕೆ ಎಷ್ಟು ಬಾಗಿಲು ತಟ್ಟಬೇಕು ಅಂತ ಹೇಳಿ ಭಾರಿ ಶುಲ್ಕ ಪಡೆಯುವವರು. ಅವರ ಮುಂದೆ ಬರ್ತಿಯೇ–ಮಾಸ್ಕಿನೋಂಜೆಯ ಈ ನಾಲ್ಕು ಫಲಿತಾಂಶ ಇಟ್ಟು, ಮುಂದಿನ ಸಲ ಏನು ಮಾಡಬೇಕು ಅಂತ ಒಂದು ಸಲಹೆ ಕೇಳಿ. ಶುಲ್ಕ ಮಾತ್ರ ಸಲಹೆ ಬಂದ ಮೇಲೇ ಕೊಡಿ.