ಆ ಆರು ಕ್ಯೂಬ್‌ಗಳು

ಮೊನ್ನೆ ರಾತ್ರಿ ಹತ್ತು ಗಂಟೆಗೆ ಒಬ್ಬ ಹುಡುಗ ಫೋನ್ ಮಾಡಿದ್ದ. ಬಿಇ ಮುಗಿಸಿ ಎರಡು ವರ್ಷ ಆಗಿದೆ, ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಕೆಲಸ. "ಸರ, ಬೆಳಿಗ್ಗೆ ಸ್ಲ್ಯಾಬ್ ಐತ್ರಿ. ಚೆಕ್‌ಲಿಸ್ಟಿಗೆ ಸಹಿ ಮಾಡು ಅಂತ ಕುಂತಾರ. ನಾ ಇನ್ನೂ ಸ್ಟೀಲ್ ನೋಡೇ ಇಲ್ಲ. ಏನ್ ಮಾಡ್ಲಿ?" ಅಂದ. ನೋಡದೆ ಮಾಡಬೇಡ ಅಂದೆ. "ಮಾಡ್ಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂತಾರ್ರಿ" ಅಂದ. ದನಿ ನಡುಗುತ್ತಿತ್ತು. ಬೆಳಗಾಗುವ ತನಕ ಟೈಮ್ ಇದೆ, ಟಾರ್ಚ್ ತಗೊಂಡು ಈಗಲೇ ಹೋಗಿ ನೋಡು ಅಂತ ಹೇಳಿ ಫೋನ್ ಇಟ್ಟೆ.

ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಅವನ ವಯಸ್ಸಿನಲ್ಲಿ ನಾನು ಸಹಿ ಮಾಡಿದ್ದೆ. ಆ ವಿಷಯ ಇಲ್ಲಿವರೆಗೆ ನಾಲ್ಕೈದು ಜನರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಇವತ್ತು ಬರೆಯುತ್ತೇನೆ.

ಸಿವಿಲ್ ಓದದವರಿಗೆ ಮೊದಲು ಕ್ಯೂಬ್ ಅಂದರೆ ಏನು ಅಂತ ಹೇಳಬೇಕು. ಕಾಂಕ್ರೀಟ್ ಹಾಕುವ ದಿನ ಅದೇ ಮಾಲಿನಿಂದ ಒಂದಿಷ್ಟು ತೆಗೆದು ಕಬ್ಬಿಣದ ಅಚ್ಚಿಗೆ ತುಂಬುತ್ತೇವೆ. ಉದ್ದ, ಅಗಲ, ಎತ್ತರ ಎಲ್ಲವೂ 150 ಮಿಲಿಮೀಟರ್. ಮೂರು ಪದರ ತುಂಬಬೇಕು, ಪದರಕ್ಕೆ 35 ಸಲ ರಾಡಿನಿಂದ ಕುಟ್ಟಬೇಕು. ಮರುದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಗೆ ಹಾಕುವುದು. ಮೂರು ಕ್ಯೂಬ್ 7ನೇ ದಿನ, ಮೂರು 28ನೇ ದಿನ ಲ್ಯಾಬಿಗೆ ಹೋಗುತ್ತವೆ. ಅಲ್ಲಿ ಮಷಿನ್ ಕೆಳಗಿಟ್ಟು ಒಡೆಯುವ ತನಕ ಒತ್ತುತ್ತಾರೆ. ಎಂ20 ಅನ್ನುವ ದರ್ಜೆಯ ಕಾಂಕ್ರೀಟ್ ಆದರೆ 28ನೇ ದಿನ ಒಂದು ಕ್ಯೂಬ್ ಸುಮಾರು 45 ಟನ್ ತಡೆಯಬೇಕು. ಎಂಟು ಕಿಲೋ ತೂಗುವ ತುಂಡಿನ ಮೇಲೆ ತುಂಬಿದ ಎರಡು ಮೂರು ಲಾರಿ ನಿಂತ ಹಾಗೆ.

ಕಟ್ಟಿದ ಕಾಲಂ (ಕಂಬ) ಅನ್ನು ಒಡೆದು ನೋಡಲು ಆಗುವುದಿಲ್ಲ. ಅದರ ಪರವಾಗಿ ಈ ಕ್ಯೂಬ್ ಲ್ಯಾಬಿಗೆ ಹೋಗಿ ಸಾಕ್ಷಿ ಹೇಳುತ್ತದೆ.

2006ರಲ್ಲಿ ನಾನು ಒಂದು ತಾಲ್ಲೂಕು ಊರಿನಲ್ಲಿ ಕಲ್ಯಾಣ ಮಂಟಪ ಕಟ್ಟುವ ಕಾಂಟ್ರಾಕ್ಟರ್ ಹತ್ತಿರ ಸೈಟ್ ಎಂಜಿನಿಯರ್ ಆಗಿದ್ದೆ. ಕೆಳಗೆ ಊಟದ ಹಾಲ್, ಮೇಲೆ ಮದುವೆ ಹಾಲ್. ಆ ದಿನ ಕೆಳಗಿನ ಕಾಲಂಗಳಿಗೆ ಕಾಂಕ್ರೀಟ್ ಇತ್ತು. ಮಧ್ಯಾಹ್ನದ ಹೊತ್ತಿಗೆ, ಮಾಲನ್ನು ಅಲುಗಾಡಿಸಿ ಒಳಗೆ ಕೂರಿಸುವ ವೈಬ್ರೇಟರ್ ಮಷಿನ್ ಕೆಟ್ಟಿತು. ಇನ್ನೊಂದನ್ನು ಬಾಡಿಗೆಗೆ ತರಿಸಿ ಅಂದೆ. ಯಾರೂ ತರಿಸಲಿಲ್ಲ. ಕಾಲಂ ಒಳಗೆ ರಾಡ್ ಒತ್ತೊತ್ತಾಗಿದ್ದವು. "ಮಾಲ್ ಇಳಿಯಂಗಿಲ್ರಿ ಸಾಹೇಬ್ರ, ನೀರ್ ಬಿಡಾಕ ಬೇಕು" ಅಂದ ಗೌಂಡಿ. ಒಂದು ಮೂಟೆ ಸಿಮೆಂಟಿಗೆ ಮರಳಿನಲ್ಲಿರುವ ತೇವವನ್ನೂ ಸೇರಿಸಿ 30 ಲೀಟರ್ ದಾಟಬಾರದು. ಅಲ್ಲಿ ಬಕೆಟ್ ಲೆಕ್ಕವೇ ತಪ್ಪಿಹೋಯಿತು. ಮಾಲು ಸಾರಿನ ಹಾಗೆ ಹರಿಯಿತು. ಜಾಸ್ತಿಯಾದ ನೀರು ಆಮೇಲೆ ಆರಿಹೋಗುತ್ತದೆ, ಅದಿದ್ದ ಜಾಗ ಒಳಗೆ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಕಾಲಂ ನುಣ್ಣಗೆ ಚೆನ್ನಾಗಿಯೇ ಕಾಣುತ್ತದೆ.

ಗೌಂಡಿಯ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ವೈಬ್ರೇಟರ್ ಇಲ್ಲದೆ ಗಟ್ಟಿ ಮಾಲು ಹಾಕಿದ್ದರೆ ಕಾಲಂ ಒಳಗೆ ಪೊಳ್ಳಾಗುತ್ತಿತ್ತು. ಅವನ ಕಣ್ಣಿಗೆ ಕಂಡ ದಾರಿ ಅದೊಂದೇ. ಕೆಲಸ ನಿಲ್ಲಿಸಿ ಅನ್ನಬೇಕಾದವನು ನಾನು.

ಸಂಜೆ ಕಾಂಟ್ರಾಕ್ಟರ್ ಕಡೆಯ ಹಿರಿಯ ಎಂಜಿನಿಯರ್ ಬಂದು ಮಾಲು ನೋಡಿದರು. ಬೈಯಲಿಲ್ಲ. "ಕ್ಯೂಬ್ ಬ್ಯಾರೇ ಮಾಡಿ ಇಡು" ಅಂದರು, ಅಷ್ಟೆ. ನಾನು ಶೆಡ್ಡಿನಲ್ಲಿ ಕೂತು, ಸಿಮೆಂಟ್ ಎರಡು ಪಟ್ಟು ಹಾಕಿ, ಅಳೆದು ನೀರು ಬಿಟ್ಟು, ಕೈಯಲ್ಲೇ ಕಲಸಿ ಆರು ಕ್ಯೂಬ್ ಮಾಡಿದೆ. 35 ಸಲ ಎಣಿಸಿಯೇ ಕುಟ್ಟಿದೆ. ಮೊಳೆಯಿಂದ ತಾರೀಖು ಗೀರಿದೆ. ರಿಜಿಸ್ಟರಿನಲ್ಲಿ "ಕಾಲಂ ಕಾಂಕ್ರೀಟಿನಿಂದ ತೆಗೆದದ್ದು" ಅಂತ ಬರೆದು ಸಹಿ ಹಾಕಿದೆ. 28ನೇ ದಿನದ ರಿಪೋರ್ಟ್ ಬೇಕಾದ್ದಕ್ಕಿಂತ ಎಷ್ಟೋ ಮೇಲೆ ಬಂತು. ಮಂಟಪದ ಮಾಲೀಕರು ಖುಷಿಯಾಗಿ ಧಾರವಾಡ ಪೇಡೆ ತರಿಸಿ ಎಲ್ಲರಿಗೂ ಹಂಚಿದರು. ನಾನೂ ತಿಂದೆ.

ಆಮೇಲೆ ಆ ಕೆಲಸ ಬಿಟ್ಟೆ. ಬೇರೆ ಕಡೆ ಸೇರಿದೆ, ಸ್ಟ್ರಕ್ಚರಲ್ ಡಿಸೈನ್ ಕಲಿತೆ, ಹುಬ್ಬಳ್ಳಿಯಲ್ಲಿ ಸ್ವಂತ ಆಫೀಸು ಮಾಡಿದೆ. ಹದಿಮೂರು ವರ್ಷ ಹೋಯಿತು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. ಮೇಲೆ ಇನ್ನೂ ಕೆಲಸ ನಡೆದಿತ್ತು, ಕೆಳಗೆ ಆಗಲೇ ಅಂಗಡಿಗಳು ಶುರುವಾಗಿದ್ದವು. 19 ಜನ ಸತ್ತರು. ಎರಡು ಮೂರು ದಿನ ಆದಮೇಲೂ ಅವಶೇಷದೊಳಗಿಂದ ಜೀವಂತ ಜನರನ್ನು ಹೊರತೆಗೆದರು. ಆ ಕಟ್ಟಡ ಯಾಕೆ ಬಿತ್ತು, ತಪ್ಪು ಯಾರದು ಅಂತ ನಾನಿಲ್ಲಿ ತೀರ್ಪು ಹೇಳುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಹೇಳುತ್ತೇನೆ. ಮರುದಿನ ನಾನು ಅಲ್ಲಿಗೆ ಹೋಗಿದ್ದೆ. ಹಗ್ಗ ಕಟ್ಟಿದ್ದರು, ಅದರ ಹಿಂದೆ ನೂರಾರು ಜನ. ನನ್ನ ಪಕ್ಕ ಒಬ್ಬ ತಾಯಿ ನಿಂತಿದ್ದರು. ನನ್ನ ಕೈಯಲ್ಲಿದ್ದ ಹೆಲ್ಮೆಟ್ ನೋಡಿ "ನೀವ್ ಎಂಜಿನಿಯರ್ ಅದೀರೇನ್ರಿ?" ಅಂತ ಕೇಳಿದರು. ಹೌದು ಅನ್ನಲು ಬಾಯಿ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಆ ಆರು ಕ್ಯೂಬ್.

ನಮ್ಮ ವೃತ್ತಿಯಲ್ಲಿ ನೀತಿ ಅಂದ ಕೂಡಲೇ ಜನ ಲಂಚ, ಕಮಿಷನ್ ಅಂತ ಮಾತು ಶುರುಮಾಡುತ್ತಾರೆ. ಅದು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಜಾಸ್ತಿ ಅಪಾಯ ಇರುವುದು ನೋಡದೆ ಹಾಕಿದ ಸಹಿಯಲ್ಲಿ. ಲಂಚ ತಿನ್ನದ ಒಳ್ಳೆಯ ಮನುಷ್ಯರೂ ಆ ಸಹಿ ಹಾಕುತ್ತಾರೆ. ಟೈಮ್ ಇಲ್ಲ, ಸಂಬಂಧ ಕೆಡುತ್ತದೆ, ಬೇರೆಯವರು ನೋಡಿರುತ್ತಾರೆ ಬಿಡು ಅಂತ.

ಇದಕ್ಕೆ ಅಮೆರಿಕದ ಕಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿಗಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಅದರ ಲಾಬಿಯಲ್ಲಿ ಮೇಲಿನಿಂದ ರಾಡುಗಳಿಗೆ ತೂಗುಬಿಟ್ಟ ನಡೆದಾರಿಗಳಿದ್ದವು. ನಾಲ್ಕನೇ ಮಹಡಿಯದು ಮೇಲೆ, ಅದರ ನೇರ ಕೆಳಗೆ ಎರಡನೇ ಮಹಡಿಯದು. ಮೊದಲ ಡ್ರಾಯಿಂಗಿನಲ್ಲಿ ಒಂದೇ ಉದ್ದನೆಯ ರಾಡ್ ಚಾವಣಿಯಿಂದ ಇಳಿದು ಎರಡನ್ನೂ ಹೊರುತ್ತಿತ್ತು. ಅಷ್ಟುದ್ದದ ರಾಡಿಗೆ ನಟ್ ತಿರುಗಿಸಿ ಮೇಲೇರಿಸುವುದು ಕಷ್ಟ. ಹಾಗಾಗಿ ಸ್ಟೀಲ್ ಕೆಲಸದವರ ಕಡೆಯಿಂದ ಬದಲಾವಣೆ ಬಂತು: ಒಂದು ರಾಡ್ ಬದಲು ಎರಡು ತುಂಡು. ಮೇಲಿನ ದಾರಿ ಚಾವಣಿಗೆ ನೇತುಬಿತ್ತು, ಕೆಳಗಿನ ದಾರಿ ಮೇಲಿನ ದಾರಿಯ ಬೀಮಿಗೆ ನೇತುಬಿತ್ತು.

ನೋಡಿದರೆ ಎರಡೂ ಒಂದೇ ಅನಿಸುತ್ತದೆ, ಅಲ್ವಾ? ಬಾವಿಯೊಳಗೆ ಒಂದು ಹಗ್ಗ ಹಿಡಿದು ಇಬ್ಬರು ಜೋತುಬಿದ್ದಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬನ ಕೈಗೂ ಅವನವನದೇ ಭಾರ. ಈಗ ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದ. ಹಗ್ಗಕ್ಕೆ ಅಷ್ಟೇ ಭಾರ. ಆದರೆ ಮೇಲಿನವನ ಕೈಗೆ ಎರಡು ಪಟ್ಟು. ಹೋಟೆಲಿನಲ್ಲಿ ಆ ಕೈ ಅಂದರೆ ನಾಲ್ಕನೇ ಮಹಡಿಯ ಬೀಮಿನ ಕೆಳಗಿದ್ದ ನಟ್. ಕಾಗದ ಪೆನ್ನು ಹಿಡಿದರೆ ಐದು ನಿಮಿಷದ ಲೆಕ್ಕ. ಯಾರೂ ಹಾಕಲಿಲ್ಲ. ಡ್ರಾಯಿಂಗಿಗೆ ಎಂಜಿನಿಯರ್ ಮುದ್ರೆ ಮಾತ್ರ ಬಿತ್ತು. 1981ರ ಜುಲೈ 17ರ ಸಂಜೆ ಲಾಬಿಯಲ್ಲಿ ನೃತ್ಯಕೂಟ ನಡೆಯುತ್ತಿದ್ದಾಗ ಎರಡೂ ದಾರಿಗಳು ಕಳಚಿ ಜನರ ಮೇಲೆ ಬಿದ್ದವು. 114 ಜನ ಸತ್ತರು. ಆ ಡ್ರಾಯಿಂಗಿಗೆ ಹೊಣೆಯಾಗಿದ್ದ ಇಬ್ಬರು ಎಂಜಿನಿಯರುಗಳ ಲೈಸೆನ್ಸನ್ನು ಮಿಸೌರಿ ರಾಜ್ಯ ಕಿತ್ತುಕೊಂಡಿತು. ಅವರಲ್ಲಿ ಹಿರಿಯರಾದ ಜ್ಯಾಕ್ ಗಿಲಮ್ ಆಮೇಲೆ ವರ್ಷಗಟ್ಟಲೆ ಎಂಜಿನಿಯರುಗಳ ಸಭೆಗಳಲ್ಲಿ ನಿಂತು ತಮ್ಮ ತಪ್ಪಿನ ಬಗ್ಗೆ ಮಾತಾಡಿದರು. ಆ ಮನುಷ್ಯನ ಬಗ್ಗೆ ನನಗೆ ಗೌರವ ಇದೆ.

ನಮ್ಮಲ್ಲಿ ಕಿತ್ತುಕೊಳ್ಳಲು ಅಂಥ ಲೈಸೆನ್ಸೇ ಇಲ್ಲ. ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ, ಕೌನ್ಸಿಲ್ ಇದೆ. ಅಲ್ಲಿ ನೋಂದಾಯಿಸದೆ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕುವ ಹಾಗಿಲ್ಲ. ವೈದ್ಯರಿಗೂ ವಕೀಲರಿಗೂ ಹೀಗೇ ಇದೆ. ಸಿವಿಲ್ ಎಂಜಿನಿಯರಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯ್ದೆ ಇಲ್ಲ. ಆಯಾ ಪಾಲಿಕೆ, ಪುರಸಭೆಯ ನೋಂದಣಿ ಇರುತ್ತದೆ, ಅಷ್ಟೆ. ಇದರಿಂದಲೇ ಸಹಿಯೇ ಒಂದು ವ್ಯಾಪಾರ ಆಗಿದೆ. ಸೈಟ್ ಎಲ್ಲಿದೆ ಅಂತ ಗೊತ್ತಿಲ್ಲದವರ ಸಹಿ ಪ್ಲಾನಿನ ಮೇಲೆ ಇರುತ್ತದೆ. ಎರಡು ಮಹಡಿಗೆ ಡಿಸೈನ್ ಮಾಡಿದ ಪಾಯದ ಮೇಲೆ ನಾಲ್ಕು ಮಹಡಿ ಏರುತ್ತದೆ. ಸಹಿ ಮಾಡಿದವರು ಒಂದು ದಿನವೂ ಅತ್ತ ಹಾಯುವುದಿಲ್ಲ. ಇದನ್ನು ನಾನು ತಪ್ಪು ಅಂತ ಮಾತ್ರ ಹೇಳುವುದಿಲ್ಲ, ಅಪರಾಧ ಅಂತಲೇ ಹೇಳುತ್ತೇನೆ.

ನಮ್ಮ ಗೆಳೆಯರ ಮಗಳು ಕೆನಡಾದಲ್ಲಿ ಸಿವಿಲ್ ಓದಿದಳು. ಹೋದ ವರ್ಷ ಊರಿಗೆ ಬಂದಾಗ ಅವಳ ಬಲಗೈ ಕಿರುಬೆರಳಲ್ಲಿ ಒಂದು ಸಾದಾ ಉಂಗುರ ಇತ್ತು. ಅಲ್ಲಿ ಕ್ವಿಬೆಕ್ ಸೇತುವೆ 1907ರಲ್ಲಿ ಕಟ್ಟುವಾಗಲೇ ಕುಸಿದು 75 ಕೆಲಸಗಾರರು ಸತ್ತಿದ್ದರು. 1925ರಿಂದ ಅಲ್ಲಿ ಎಂಜಿನಿಯರ್ ಆಗುವವರು ಪ್ರತಿಜ್ಞೆ ಮಾಡಿ ಆ ಉಂಗುರ ತೊಡುತ್ತಾರೆ. ಬರೆಯುವ ಕೈಗೇ ತೊಡಬೇಕು. "ಅಂಕಲ್, ಸಹಿ ಮಾಡೋವಾಗ ಇದು ಕಾಗದಕ್ಕೆ ತಾಗುತ್ತೆ" ಅಂದಳು.

ನಮ್ಮಲ್ಲಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುತ್ತೇವೆ. ಹಾಕಲೇಬೇಕು. ಆದರೆ ಅದಕ್ಕೆ ಮೂರು ದಿನ ಮೊದಲು, 1983ರ ಸೆಪ್ಟೆಂಬರ್ 12ರಂದು, ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಬಿದ್ದು 123 ಜನ ಸತ್ತಿದ್ದರು. ನಾನು ಓದಿದ ಕಾಲೇಜಿನಲ್ಲಿ ಯಾರೂ ನಮಗೆ ಅದನ್ನು ಹೇಳಲಿಲ್ಲ. ಬೀಮ್ ಡಿಸೈನ್ ಕಲಿಸಿದರು, ಬಿದ್ದ ಬೀಮಿನ ಕತೆ ಕಲಿಸಲಿಲ್ಲ. ಎಂಜಿನಿಯರ್ಸ್ ಡೇ ದಿನ ಒಂದು ಗಂಟೆ ಈ ಕುಸಿತಗಳ ಬಗ್ಗೆ ಮಾತಾಡಿದರೆ ಹುಡುಗರಿಗೆ ಎಷ್ಟು ಉಪಯೋಗ!

ಮನೆ ಕಟ್ಟಿಸುವವರಿಗೂ ಒಂದು ಮಾತು. ನಲವತ್ತು ಲಕ್ಷದ ಮನೆಗೆ ಎಂಜಿನಿಯರ್ ಫೀಸಿನಲ್ಲಿ ಐದು ಸಾವಿರಕ್ಕೆ ಚೌಕಾಸಿ ಮಾಡುತ್ತೀರಿ. "ಪರ್ಮಿಷನ್‌ಗೆ ಸಹಿ ಅಷ್ಟ ಸಾಕ್ರಿ, ನೀವ್ ಬರೋದೇನ್ ಬ್ಯಾಡ" ಅನ್ನುತ್ತೀರಿ. ದಯವಿಟ್ಟು ಬರಲು ಹೇಳಿ. ಸ್ಲ್ಯಾಬ್ ಹಾಕುವ ಮೊದಲು ಸ್ಟೀಲ್ ನೋಡಿಸಿ. ಕ್ಯೂಬ್ ನಿಮ್ಮ ಮುಂದೆಯೇ ತುಂಬಿಸಿ. ಸೆಂಟ್ರಿಂಗ್ ಬಾಡಿಗೆ ಉಳಿಸಲು ಸಪೋರ್ಟ್ ಬೇಗ ಬಿಚ್ಚಿಸಬೇಡಿ. ನಾಲ್ಕೂವರೆ ಮೀಟರ್ ದಾಟಿದ ಸ್ಲ್ಯಾಬಿಗೆ 14 ದಿನ, ಆರು ಮೀಟರ್ ದಾಟಿದ ಬೀಮಿಗೆ 21 ದಿನ ಸಪೋರ್ಟ್ ಇರಬೇಕು ಅಂತ ಕಾಂಕ್ರೀಟ್ ಕೆಲಸಕ್ಕಿರುವ ನಮ್ಮ ದೇಶದ ಕೋಡ್ ಐಎಸ್ 456 ಹೇಳುತ್ತದೆ.

ಆ ಹುಡುಗನ ಮೆಸೇಜ್ ಬೆಳಿಗ್ಗೆ ಆರಕ್ಕೆ ಬಂದಿತ್ತು. ರಾತ್ರಿಯೇ ಟಾರ್ಚ್ ಹಿಡಿದು ನೋಡಿದ್ದಾನೆ. ಎರಡು ಬೀಮಿನಲ್ಲಿ ಕಾಲಂ ಮೇಲೆ ಬರಬೇಕಾದ ಎಕ್ಸ್‌ಟ್ರಾ ರಾಡ್ ಹಾಕೇ ಇರಲಿಲ್ಲ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದಾನೆ. ಬಾರ್ ಬೆಂಡರ್ ಬಂದು ಹಾಕುತ್ತಿದ್ದಾನಂತೆ, ಸ್ಲ್ಯಾಬ್ ಮಧ್ಯಾಹ್ನಕ್ಕೆ ಹೋಯಿತಂತೆ. ಅವನ ಕೆಲಸ ಉಳಿಯುತ್ತದೋ ಇಲ್ಲವೋ ನೋಡಬೇಕು. ಉಳಿಯದಿದ್ದರೆ ನನ್ನ ಆಫೀಸಿಗೆ ಬಾ ಅಂದಿದ್ದೇನೆ. ಬೇಡ ಅನ್ನುವ ಧೈರ್ಯವನ್ನು ಬರೀ ತಿಂಗಳಿಗೆ ಹದಿನೈದು ಸಾವಿರದ ಹುಡುಗರಿಂದ ಕೇಳುವುದು ನ್ಯಾಯ ಅಲ್ಲ. ನನ್ನ ವಯಸ್ಸಿನವರು ಅವರ ಹಿಂದೆ ನಿಲ್ಲಬೇಕು. 2006ರಲ್ಲಿ ನನ್ನ ಹಿಂದೆ ಒಬ್ಬರು ನಿಂತಿದ್ದರೆ ಅಂತ ಎಷ್ಟೋ ಸಲ ಅನಿಸಿದೆ. ಆದರೂ ಸಹಿ ನನ್ನದೇ.

2019ರಲ್ಲಿ ಧಾರವಾಡದಿಂದ ಬಂದ ಮುಂದಿನ ವಾರ ಆ ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ಆಗ ಮಾಲೀಕರ ಮಗ ನಡೆಸುತ್ತಿದ್ದರು. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವರ ಮುಖ ಕೆಂಪಾಯಿತು, ಎದ್ದು ಹೊರಗೆ ಹೋದರು, ಹತ್ತು ನಿಮಿಷ ಬಿಟ್ಟು ಬಂದರು. ಟೆಸ್ಟ್ ಮಾಡಿಸೋಣ ಅಂತ ಒಪ್ಪಿದರು. ಕೆಳಗಿನ ಕಾಲಂಗಳಿಂದ ಕೋರ್, ಅಂದರೆ ಕೊರೆದು ತೆಗೆದ ಕಾಂಕ್ರೀಟ್ ತುಂಡು, ತೆಗೆಸಿ ಟೆಸ್ಟಿಗೆ ಕಳಿಸಿದೆವು. ಎರಡು ಕಾಲಂ ಫೇಲ್ ಆದವು. ಮೂರು ತಿಂಗಳು ಮಂಟಪ ಮುಚ್ಚಿ ಆ ಕಾಲಂಗಳ ಸುತ್ತ ಹೊಸ ರಾಡ್ ಕಟ್ಟಿ ಜಾಕೆಟಿಂಗ್, ಅಂದರೆ ಕಾಂಕ್ರೀಟಿನ ಹೊದಿಕೆ, ಮಾಡಿಸಿದೆವು. ಡಿಸೈನ್, ಉಸ್ತುವಾರಿ ನನ್ನದು. ಖರ್ಚಿನಲ್ಲಿ ಅರ್ಧ ನಾನು ಕೊಟ್ಟೆ.

ಕೆಲಸ ಮುಗಿದ ದಿನ ಹಳೆಯ ಮಾಲೀಕರು, ಪೇಡೆ ಹಂಚಿದವರು, ಕೋಲೂರಿಕೊಂಡು ಬಂದರು. ಎಂಬತ್ತು ದಾಟಿತ್ತು. ಖುರ್ಚಿ ಹಾಕಿಸಿಕೊಂಡು ಕೂತು, ಕಾಲಂ ಕಡೆ ಸುಮಾರು ಹೊತ್ತು ನೋಡಿದರು. ಬೈಯುತ್ತಾರೆ ಅಂತ ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಮಗನಿಗೆ ಹೇಳಿ ಬುಕಿಂಗ್ ರಿಜಿಸ್ಟರುಗಳನ್ನು ತರಿಸಿದರು. ನಾಲ್ಕು ದಪ್ಪ ಪುಸ್ತಕ. ನನ್ನ ಮುಂದೆ ಇಟ್ಟು, "ತಮ್ಮಾ, ಇಲ್ಲಿತನಕ ಇದರಾಗ ಎಷ್ಟು ಮದುವಿ ಆಗ್ಯಾವ, ಎಣಿಸಿ ಹೇಳು" ಅಂದರು.

ಅಲ್ಲೇ ನೆಲದ ಮೇಲೆ ಕೂತು ಎಣಿಸಿದೆ. 542.